ಗಾಲಿಯ ಮೇಲೊಂದು ಗುಬ್ಬಿಗೂಡು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹಿರಿಯರು ಹೇಳಿದ್ದು ಎರಡರ ಕಷ್ಟವನ್ನೂ ಕಂಡುಂಡ ಮೇಲೆ. ಆದರೆ ಕಟ್ಟಿದ ಮನೆಗೆ ಎರಡು ಗಾಲಿಗಳನ್ನು ಜೋಡಿಸಿ, ಮೋಟಾರಿನ ಬೆನ್ನಿಗೆ ತಗುಲಿಸಿ, ಬೆಟ್ಟ ಕಣಿವೆಗಳನ್ನು ದಾಟಿಸಿಕೊಂಡು ಹೋಗುವ ಪ್ರಸಂಗ ಆ ಹಿರಿಯರ ಕಲ್ಪನೆಗೆ ಬಂದಿರಲಾರದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಂಥದೊಂದು ಮನೆಯನ್ನು ತಮ್ಮ ಕಾರಿನ ಕೊಟ್ಟಿಗೆಯಲ್ಲಿಯೇ, ತಮ್ಮ ಕೈಯಾರೆ ಕಟ್ಟಿಕೊಳ್ಳುವ ಗೃಹಸ್ಥರು 1930ರ ದಶಕದಿಂದಲೂ ಇದ್ದಾರೆ. ಅವರಲ್ಲಿ ಅನೇಕರು ವೃತ್ತಿಯಿಂದ ಬಡಗಿಗಳಲ್ಲ. ವಾರವೆಲ್ಲ ಕಚೇರಿಯಲ್ಲೋ ಪಾಠಶಾಲೆಯಲ್ಲೋ ದುಡಿದು, ಶನಿವಾರ ಬಂತೆಂದರೆ ಗರಗಸ ಹಿಡಿಯುವ ಹವ್ಯಾಸಿಗಳು.

ಆ ಮನೆಗೆ ಅಲ್ಲಿಯವರು ಇಟ್ಟಿರುವ ಹೆಸರು ‘ಟಿಯರ್‌ಡ್ರಾಪ್’, ಎಂದರೆ ಕಣ್ಣೀರ ಹನಿ. ಹೆಸರಿನಲ್ಲಿ ಕಣ್ಣೀರಿದ್ದರೂ ಅದು ಸಂತೋಷಕ್ಕಾಗಿಯೇ ಹುಟ್ಟಿದ ಬಂಡಿ. ಮಗ್ಗುಲಿನಿಂದ ನೋಡಿದರೆ ಮುಂಭಾಗ ದುಂಡಗೆ ಉಬ್ಬಿ, ಹಿಂಭಾಗ ಇಳಿಜಾರಾಗಿ ಸಣ್ಣಗಾಗುತ್ತ ಹೋಗುತ್ತದೆ. ರೇಷ್ಮೆ ಸೀರೆಯ ಸೆರಗಿನಲ್ಲಿ ನೇಯ್ದ ಮಾವಿನಕಾಯಿಯ ಬುಟ್ಟಾವನ್ನು ನೆನೆದುಕೊಂಡರೆ ಆಕಾರ ಕಣ್ಣಿಗೆ ಕಟ್ಟುತ್ತದೆ. ಉದ್ದ ಎಂಟರಿಂದ ಹತ್ತು ಅಡಿ, ಅಗಲ ನಾಲ್ಕರಿಂದ ಆರು ಅಡಿ. ಒಳಗಿನ ಎತ್ತರ ಸಾಮಾನ್ಯವಾಗಿ ನಾಲ್ಕು ಅಡಿಯ ಆಸುಪಾಸು. ಒಳಗೆ ನಿಲ್ಲುವಂತಿಲ್ಲ, ಕುಳಿತುಕೊಳ್ಳಬಹುದು, ಮಲಗಬಹುದು. ಹಿಂಭಾಗದ ಮುಚ್ಚಳವನ್ನು ಕಾರಿನ ಡಿಕ್ಕಿಯಂತೆ ಮೇಲಕ್ಕೆತ್ತಿದರೆ ಪುಟ್ಟ ಅಡಿಗೆಮನೆ ಪ್ರತ್ಯಕ್ಷವಾಗುತ್ತದೆ. ಒಲೆ, ಪಾತ್ರೆ, ಡಬ್ಬಿಗಳು ಒಳಗಿನ ಗೂಡುಗಳಲ್ಲಿ. ಅಡಿಗೆ ಮಾಡುವವರು ಮಾತ್ರ ಆಕಾಶದ ಕೆಳಗೆ! ಎತ್ತಿದ ಮುಚ್ಚಳವೇ ಅವರಿಗೆ ಸೂರು.

ಬಡತನ ಹೆತ್ತ ಕೂಸು

1929ರಲ್ಲಿ ಅಮೆರಿಕದ ಷೇರು ಪೇಟೆ ಕುಸಿದು, ಲಕ್ಷೋಪಲಕ್ಷ ಜನ ಕೆಲಸ ಕಳೆದುಕೊಂಡ ಕಾಲದಲ್ಲಿ ಈ ಬಂಡಿ ಕಣ್ಣು ಬಿಟ್ಟಿತು. ಹೋಟೆಲಿನ ವೆಚ್ಚವನ್ನು ತೆರಲಾರದ, ಆದರೆ ಊರು ನೋಡುವ ಆಸೆಯನ್ನು ಬಿಡಲಾರದ ಸಂಸಾರಗಳಿಗೆ ಮಲಗಲೊಂದು ಒಣ ಜಾಗ ಬೇಕಾಗಿತ್ತು. ‘ಪಾಪ್ಯುಲರ್ ಮೆಕ್ಯಾನಿಕ್ಸ್’, ‘ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್’ ಮುಂತಾದ ಜನಪ್ರಿಯ ಪತ್ರಿಕೆಗಳು ಟ್ರೇಲರುಗಳ ನಕ್ಷೆಗಳನ್ನು ಅಳತೆಯ ಸಮೇತ ಅಚ್ಚು ಹಾಕಿದವು. ಓದುಗರು ಅಡಿಗೆಯ ಅಂಕಣದಿಂದ ತಿಂಡಿ ಮಾಡಿಕೊಳ್ಳುವಂತೆ ಆ ಪುಟಗಳಿಂದ ಬಂಡಿ ಮಾಡಿಕೊಂಡರು.

ಎರಡನೆಯ ಮಹಾಯುದ್ಧ ಇದಕ್ಕೆ ತಡೆ ಹಾಕಿತು. 1942ರಲ್ಲಿ ಅಮೆರಿಕದಲ್ಲಿ ಖಾಸಗಿ ಕಾರುಗಳ ತಯಾರಿಕೆಯೇ ನಿಂತಿತು; ಟೈರು, ಪೆಟ್ರೋಲುಗಳಿಗೆ ಪಡಿತರ ಬಂದಿತು. ಆದರೆ ಅದೇ ಯುದ್ಧ ಮುಗಿಯುತ್ತಲೇ ವರವೂ ಆಯಿತು. ವಿಮಾನಗಳಿಗೆಂದು ತಯಾರಾಗಿ ಮಿಕ್ಕ ಅಲ್ಯುಮಿನಿಯಂ ತಗಡು, ಜೀಪುಗಳ ಮಿಕ್ಕ ಗಾಲಿಗಳು ಪೇಟೆಗೆ ಬಂದವು. ಮರದ ಮೈ, ಅಲ್ಯುಮಿನಿಯಂ ಹೊದಿಕೆ, ಜೀಪಿನ ಗಾಲಿ ಸೇರಿ, ರಣರಂಗದಿಂದ ಉಳಿದ ಸರಕು ವಿಹಾರದ ವಾಹನವಾಯಿತು. 1947ರಲ್ಲಿ ‘ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್’ ಪ್ರಕಟಿಸಿದ ನಕ್ಷೆ ಬಹಳ ಪ್ರಸಿದ್ಧವಾಯಿತು. ಅದನ್ನು ಮುಂದಿಟ್ಟುಕೊಂಡು ಬಂಡಿ ಕಟ್ಟುವವರು ಈ ಶತಮಾನದಲ್ಲಿಯೂ ಇದ್ದಾರೆ.

1960ರ ದಶಕದ ಹೊತ್ತಿಗೆ ಅಮೆರಿಕದ ಕಾರುಗಳ ಎಂಜಿನು ಬಲಿಷ್ಠವಾಯಿತು, ಹೆದ್ದಾರಿಗಳು ಅಗಲವಾದವು. ಒಳಗೆ ನಿಂತು ಓಡಾಡಬಹುದಾದ ದೊಡ್ಡ ಟ್ರೇಲರುಗಳು ಬಂದ ಮೇಲೆ ಈ ಗುಬ್ಬಿಗೂಡಿಗೆ ಬೆಲೆ ಕುಸಿಯಿತು. ಎಷ್ಟೋ ಬಂಡಿಗಳು ಹಿತ್ತಲಿನಲ್ಲಿ ಕೋಳಿಗೂಡಿನ ಪಕ್ಕದಲ್ಲಿ ಮುಪ್ಪನ್ನು ಕಳೆದವು. 1990ರ ದಶಕದ ಕೊನೆಯಲ್ಲಿ ಹಳೆಯ ನಕ್ಷೆಗಳು ಮತ್ತೆ ಕೈಯಿಂದ ಕೈಗೆ ಹರಿದಾಡತೊಡಗಿದಾಗ ಅದಕ್ಕೆ ಎರಡನೆಯ ಯೌವನ ಬಂದಿತು. ಇಂದು ಸಣ್ಣ ಕಾರುಗಳ ಒಡೆಯರೂ ಇದನ್ನು ಬಯಸುವುದಕ್ಕೆ ಕಾರಣ ಇದರ ಹಗುರ. ಬಹುಮಟ್ಟಿಗೆ ಇದರ ತೂಕ ಮುನ್ನೂರರಿಂದ ನಾನೂರೈವತ್ತು ಕಿಲೋಗ್ರಾಂ ಮಾತ್ರ.

ಹನಿಗೆ ಹನಿಯ ಆಕಾರವಿಲ್ಲ!

ಈ ವಿಚಿತ್ರ ಆಕಾರವೇಕೆ? 1930ರ ದಶಕ ಗಾಳಿಯನ್ನು ಸೀಳುವ ಆಕಾರಗಳ ಮೋಹದ ಕಾಲ. 1934ರಲ್ಲಿ ಕ್ರೈಸ್ಲರ್ ಕಂಪನಿಯು ‘ಏರ್‌ಫ್ಲೋ’ ಎಂಬ ದುಂಡುಮೈಯ ಕಾರನ್ನೇ ಹೊರತಂದಿತು. ಓಡುವ ವಸ್ತುವಿಗೆ ಗಾಳಿ ಒಡ್ಡುವ ತಡೆಯಲ್ಲಿ ಮುಂದಿನ ಮೂಗಿಗಿಂತ ಹಿಂದಿನ ಬಾಲದ ಪಾತ್ರವೇ ಅನೇಕ ಸಲ ಹಿರಿದು. ಪೆಟ್ಟಿಗೆಯಂತೆ ಥಟ್ಟನೆ ಮುಗಿಯುವ ವಸ್ತುವಿನ ಹಿಂದೆ ಗಾಳಿ ಸುಳಿಸುಳಿಯಾಗಿ, ಅಲ್ಲಿ ಒತ್ತಡ ಕುಗ್ಗಿ, ವಸ್ತುವನ್ನು ಹಿಂದಕ್ಕೆ ಎಳೆದಂತಾಗುತ್ತದೆ. ಬಾಲ ನಯವಾಗಿ ಇಳಿದರೆ ಗಾಳಿ ಮೈಗೆ ಅಂಟಿಕೊಂಡೇ ಸಾಗುತ್ತದೆ. ವೇಗ ಎರಡು ಪಟ್ಟಾದರೆ ಈ ತಡೆ ನಾಲ್ಕು ಪಟ್ಟಾಗುವುದರಿಂದ ಪೆಟ್ರೋಲಿನ ಲೆಕ್ಕದಲ್ಲಿ ಇದು ಸಣ್ಣ ವಿಷಯವಲ್ಲ.

ತಮಾಷೆಯೆಂದರೆ, ಬೀಳುವ ನೀರಹನಿಗೆ ನಿಜವಾಗಿ ಈ ಆಕಾರವೇ ಇಲ್ಲ. ಎರಡು ಮಿಲಿಮೀಟರಿಗಿಂತ ಕಿರಿದಾದ ಮಳೆಹನಿ ಗೋಲಿಯಂತೆ ಗುಂಡಗಿರುತ್ತದೆ. ದೊಡ್ಡ ಹನಿಯ ತಳ ಗಾಳಿಯ ಒತ್ತಡಕ್ಕೆ ಚಪ್ಪಟೆಯಾಗಿ ಬನ್ನಿನ ರೂಪ ತಾಳುತ್ತದೆ. ಚಿತ್ರಕಾರರು ಬರೆದ ಹನಿಯನ್ನೇ ಬಡಗಿಗಳು ನಂಬಿದರು! ಹಾಗೆ ನೋಡಿದರೆ ಈ ಬಂಡಿಗೆ ಆಕಾರದಷ್ಟೇ ನೆರವಾಗುವುದು ಅದರ ಕುಳ್ಳುತನ. ಎಳೆಯುವ ಕಾರಿನ ಬೆನ್ನ ಹಿಂದೆ ತಲೆ ಮರೆಸಿಕೊಂಡು ಅದು ಸಾಗುತ್ತದೆ.

ಹಾಸಿಗೆಯಿದ್ದಷ್ಟು ಕಾಲು

“ಹಾಸಿಗೆಯಿದ್ದಷ್ಟು ಕಾಲು ಚಾಚು” ಎಂಬ ಗಾದೆಯನ್ನು ಅಕ್ಷರಶಃ ಪಾಲಿಸುವ ಮನೆ ಇದೊಂದೇ ಇರಬೇಕು. ಇಲ್ಲಿ ಅಳತೆಯನ್ನು ನಿರ್ಧರಿಸುವವನು ಯಜಮಾನನಲ್ಲ, ಪ್ಲೈವುಡ್ಡಿನ ಹಾಳೆ. ಅಮೆರಿಕದಲ್ಲಿ ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದದ ಹಾಳೆ 1928ರಲ್ಲಿ ಪೇಟೆಗೆ ಬಂದು ಕ್ರಮೇಣ ಎಲ್ಲೆಡೆ ರೂಢಿಯಾಯಿತು. ಒಂದು ಹಾಳೆ ನೆಲಕ್ಕೆ, ಎರಡು ಹಾಳೆ ಎರಡು ಪಕ್ಕದ ಗೋಡೆಗಳಿಗೆ. ಬಂಡಿಯ ಎತ್ತರವೂ ಉದ್ದವೂ ಅಲ್ಲಿಗೆ ಗೊತ್ತಾದಂತೆಯೇ.

ಗೋಡೆಯ ದಪ್ಪ ಮುಕ್ಕಾಲು ಅಂಗುಲ. ನಾಲ್ಕು ಅಡಿ ಅಗಲದಲ್ಲಿ ಎರಡು ಗೋಡೆಗಳ ಒಂದೂವರೆ ಅಂಗುಲವನ್ನು ಕಳೆದರೆ ಹಾಸಿಗೆಗೆ ಉಳಿಯುವುದು ನಾಲ್ವತ್ತಾರೂವರೆ ಅಂಗುಲ. ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರೂ ಮಲಗಬೇಕು. ದಂಪತಿಗಳಲ್ಲಿ ಮನಸ್ತಾಪವಾದರೆ ಮುಖ ತಿರುಗಿಸಿಕೊಳ್ಳಬಹುದೇ ಹೊರತು ದೂರ ಸರಿಯುವಂತಿಲ್ಲ! ಆರು ಅಡಿ ಮೂರು ಅಂಗುಲ ಹಾಸಿಗೆಗೆ ಬಿಟ್ಟರೆ ಅಡಿಗೆಮನೆಗೆ ಎರಡು ಅಡಿಗೂ ಕಡಮೆ ಜಾಗ. ಮಕ್ಕಳಿರುವ ಸಂಸಾರದವರು ಬಂಡಿಯ ಅಗಲವನ್ನು ಐದು ಅಡಿಗೆ ಏರಿಸುತ್ತಾರೆ, ಇಲ್ಲವೆ ಬಾಗಿಲಿಗೆ ಹೊಂದಿಕೊಂಡಂತೆ ಒಂದು ಡೇರೆ ಹಾಕುತ್ತಾರೆ.

ಹೀಗೆ ಹವ್ಯಾಸಿಯ ಕೈಗೆ ಮನೆ ಕಟ್ಟುವ ಧೈರ್ಯ ಬಂದದ್ದಕ್ಕೆ ಒಬ್ಬ ರಸಾಯನಶಾಸ್ತ್ರಜ್ಞನ ಋಣವೂ ಇದೆ. ಪ್ಲೈವುಡ್ ಎಂದರೆ ತೆಳ್ಳನೆಯ ಮರದ ಪದರಗಳನ್ನು ಒಂದರ ಎಳೆ ಉದ್ದಕ್ಕೆ, ಮತ್ತೊಂದರ ಎಳೆ ಅಡ್ಡಕ್ಕೆ ಬರುವಂತೆ ಅಂಟಿಸಿದ ಹಾಳೆ. ಮೊದಲಿನ ಅಂಟು ನೀರಿಗೆ ತಡೆಯುತ್ತಿರಲಿಲ್ಲ. ಕಾರಿನ ಬಾಗಿಲ ಕೆಳಗಿನ ಮೆಟ್ಟಿಲು ಹಲಗೆಗಳಿಗೆ ಪ್ಲೈವುಡ್ ಬಳಸಿದ ಅಮೆರಿಕದ ತಯಾರಕರು, ಪದರಗಳು ಬಿಟ್ಟುಕೊಳ್ಳುವುದನ್ನು ಕಂಡು ಲೋಹಕ್ಕೆ ಮರಳಿದರು. 1934ರಲ್ಲಿ ವಾಷಿಂಗ್ಟನ್ ಸಂಸ್ಥಾನದ ಅಬರ್ಡೀನಿನಲ್ಲಿದ್ದ ಹಾರ್ಬರ್ ಪ್ಲೈವುಡ್ ಕಂಪನಿಯ ಡಾ. ಜೇಮ್ಸ್ ನೆವಿನ್ ನೀರಿಗೆ ಜಗ್ಗದ ಅಂಟನ್ನು ಸಿದ್ಧಪಡಿಸಿದ ಮೇಲೆಯೇ ಪ್ಲೈವುಡ್ ಮಳೆ ಬಿಸಿಲುಗಳಿಗೆ ಮೈಯೊಡ್ಡಲು ಯೋಗ್ಯವಾಯಿತು. ಭಾರತದಲ್ಲಿ ಐ.ಎಸ್. 710 ಎಂಬ ಮುದ್ರೆಯ ಪ್ಲೈವುಡ್ಡಿನ ಪರೀಕ್ಷೆ ಇದಕ್ಕೆ ಒಳ್ಳೆಯ ನಿದರ್ಶನ. ಅದರ ತುಂಡು ಕುದಿಯುವ ನೀರಿನಲ್ಲಿ ಎಪ್ಪತ್ತೆರಡು ಗಂಟೆ ಇದ್ದರೂ ಪದರ ಬಿಡಬಾರದು.

ಬಡಗಿಯ ಸರದಿ

ಕೆಲಸ ಆರಂಭವಾಗುವುದು ಉಕ್ಕಿನ ಚೌಕಟ್ಟಿನಿಂದ. ಅಚ್ಚು, ಗಾಲಿ, ಕೊಂಡಿಗಳಿರುವ ಈ ಚೌಕಟ್ಟನ್ನು ಮಾತ್ರ ಸಿದ್ಧವಾದುದನ್ನೇ ಕೊಳ್ಳುವುದು ಲೇಸೆಂದು ಅನುಭವಿಗಳ ಮತ. ಮರಗೆಲಸ ತಪ್ಪಿದರೆ ಮಳೆ ಸೋರೀತು. ಬೆಸುಗೆ ತಪ್ಪಿದರೆ ಪ್ರಾಣ ಹೋದೀತು.

ನೆಲದ ಹಲಗೆಯ ತಳಕ್ಕೆ ಡಾಂಬರಿನಂಥ ಲೇಪ ಬಳಿದು ಚೌಕಟ್ಟಿಗೆ ಬೋಲ್ಟುಗಳಿಂದ ಬಿಗಿಯುತ್ತಾರೆ. ಅನಂತರ ಗೋಡೆ. ಹಾಳೆಯ ಮೇಲೆ ಅಲ್ಲಲ್ಲಿ ಮೊಳೆ ನೆಟ್ಟು, ಅವುಗಳಿಗೆ ಒರಗಿಸಿ ತೆಳ್ಳನೆಯ ಬಳುಕುವ ಪಟ್ಟಿಯೊಂದನ್ನು ಬಾಗಿಸಿದರೆ ಸೊಗಸಾದ ಬಾಗುಗೆರೆ ತಾನಾಗಿ ಮೂಡುತ್ತದೆ. ಅದರ ಗುಂಟ ಪೆನ್ಸಿಲ್ ಎಳೆದರಾಯಿತು. ದೋಣಿ ಕಟ್ಟುವವರ ಹಳೆಯ ಉಪಾಯವಿದು. ಎರಡು ಹಾಳೆಗಳನ್ನೂ ಒಂದರ ಮೇಲೊಂದಿಟ್ಟು ಒಟ್ಟಿಗೆ ಕೊಯ್ದರೆ ಎರಡು ಗೋಡೆಗಳೂ ಅವಳಿ ಮಕ್ಕಳಂತೆ ಒಂದೇ ಅಚ್ಚು. ಇಲ್ಲಿ ಕಾಲಂಗುಲದ ವ್ಯತ್ಯಾಸವಾದರೂ ಮುಂದೆ ಮಾಡು ತಿರುಚಿಕೊಳ್ಳುತ್ತದೆ, ಹಿಂದಿನ ಮುಚ್ಚಳ ಕೂರುವುದಿಲ್ಲ. ಬಾಗಿಲಿಗಾಗಿ ಕೊಯ್ದ ತುಂಡನ್ನು ಎಸೆಯುವಂತಿಲ್ಲ. ಜಾಣನಾದವನು ಅದನ್ನೇ ಬಾಗಿಲಾಗಿ ಮಾಡುತ್ತಾನೆ.

ಗೋಡೆಗಳು ನಿಂತ ಮೇಲೆ ಒಂದರಿಂದ ಇನ್ನೊಂದಕ್ಕೆ ಜಂತೆಗಳು. ಅವುಗಳ ಒಳಮೈಗೆ ತೆಳು ಪ್ಲೈವುಡ್, ನಡುವೆ ಬಿಸಿಲು ಚಳಿಗಳನ್ನು ತಡೆಯುವ ಒಂದಂಗುಲದ ಫೋಮ್ ಹಲಗೆ, ಹೊರಮೈಗೆ ಮತ್ತೊಂದು ತೆಳು ಪ್ಲೈವುಡ್. ಮೂರು ಮಿಲಿಮೀಟರಿನ ಹಾಳೆ ಹೇಳಿದಂತೆ ಬಾಗುತ್ತದೆ. ದಪ್ಪನೆಯದಾದರೆ ಒಳಮೈಯಲ್ಲಿ ಒತ್ತಾಗಿ ಗರಗಸದ ಗೀರುಗಳನ್ನು ಕೊಯ್ದು ಅದರ ಹಟ ಮುರಿಯಬೇಕು. ಮುಂಭಾಗದ ಕೆಳಗಿನಿಂದ ಆರಂಭಿಸಿ, ಅಂಟು ಬಳಿದು, ಪಟ್ಟಿಗಳಿಂದ ಬಿಗಿದೆಳೆಯುತ್ತ, ಜಂತೆಯಿಂದ ಜಂತೆಗೆ ಸ್ಕ್ರೂ ಹಾಕುತ್ತ ಮೇಲಕ್ಕೆ ಸಾಗಬೇಕು. ಈ ಕೆಲಸದಲ್ಲಿ ಸ್ಕ್ರೂ ಪುರೋಹಿತನಿದ್ದಂತೆ. ಕೂಡಿಸಿದ ಮೇಲೆ ಅದರ ಕೆಲಸ ಬಹುಮಟ್ಟಿಗೆ ಮುಗಿಯಿತು. ಕೊನೆಯವರೆಗೆ ಬಾಳಿಸುವುದು ಅಂಟು.

ಎಲ್ಲರ ತಾಳ್ಮೆಯನ್ನೂ ಪರೀಕ್ಷಿಸುವುದು ಹಿಂದಿನ ಮುಚ್ಚಳ. ಬಾಗಿದ ಪಕ್ಕೆಲುಬುಗಳ ಮೇಲೆ ತೆಳು ಹಾಳೆಯನ್ನು ಹೊದಿಸಿ, ಅಂಟು ಆರಿದ ಮೇಲೆ ಕಟ್ಟು ಬಿಚ್ಚಿದರೆ, ಹಾಳೆ ತನ್ನ ಹಳೆಯ ನೇರ ಸ್ವಭಾವವನ್ನು ನೆನೆದುಕೊಂಡು ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ನಿನ್ನೆ ಸರಿಯಾಗಿ ಕೂಡುತ್ತಿದ್ದ ಮುಚ್ಚಳ ಇಂದು ಕೆಳತುದಿಯಲ್ಲಿ ಬಾಯಿ ಬಿಡುತ್ತದೆ. ಬಲ್ಲವರು ಪಕ್ಕೆಲುಬುಗಳನ್ನು ಬೇಕಾದುದಕ್ಕಿಂತ ತುಸು ಹೆಚ್ಚಾಗಿಯೇ ಬಾಗಿಸಿ ಕೊಯ್ದುಕೊಂಡಿರುತ್ತಾರೆ. ಬಿಚ್ಚಿಕೊಂಡಾಗ ಅದು ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತದೆ.

ನೀರೆಂಬ ಹಗೆ

ಹನಿಯ ಆಕಾರದ ಬಂಡಿಗೆ ಹನಿಯೇ ವೈರಿ. ಮರದ ಬಂಡಿ ಹಾಳಾಗುವುದು ಒಮ್ಮೆಗೇ ಅಲ್ಲ; ಒಂದು ಸ್ಕ್ರೂವಿನ ತೂತು, ಒಂದು ಕೂಡಿನ ಬಿರುಕು ಸಾಕು. ಹನಿ ಹನಿ ಕೂಡಿದರೆ ಹಳ್ಳವಾಗುವುದು ಇಲ್ಲಿ ಗೋಡೆಯ ಒಡಲೊಳಗೆ. ಮರದ ತೇವಾಂಶ ನೂರಕ್ಕೆ ಇಪ್ಪತ್ತರ ಒಳಗಿದ್ದರೆ ಕೊಳೆಯಿಸುವ ಬೂಷ್ಟು ಬೆಳೆಯಲಾರದು. ಅದನ್ನು ಮೀರಿ ಬಹುಕಾಲ ನಿಂತಿತೆಂದರೆ ಹೊರಗಿನ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನ ಮರ ಗೆದ್ದಲು ತಿಂದಂತೆ ಪುಡಿಯಾಗುತ್ತಿರುತ್ತದೆ. ಅನೇಕ ತಿಂಗಳ ದುಡಿಮೆ ಎರಡು ಮಳೆಗಾಲಗಳಲ್ಲಿ ಮಣ್ಣಾಗುವುದು ಹೀಗೆ.

ಆದುದರಿಂದ ಅನುಭವಿಗಳು ಹಾಳೆಯ ಮುಖಕ್ಕಿಂತ ಅಂಚಿಗೆ ಹೆಚ್ಚು ಗಮನ ಕೊಡುತ್ತಾರೆ. ಕೊಯ್ದ ಅಂಚಿನಲ್ಲಿ ಮರದ ಎಳೆಗಳ ಬಾಯಿ ತೆರೆದಿರುತ್ತದೆ. ಬತ್ತಿ ಎಣ್ಣೆ ಹೀರುವಂತೆ ಅದು ನೀರು ಹೀರುತ್ತದೆ. ತೆಳ್ಳಗೆ ಮಾಡಿದ ಎಪಾಕ್ಸಿಯನ್ನೋ ವಾರ್ನಿಷನ್ನೋ ಆ ಅಂಚಿಗೆ ಕುಡಿಸಿ, ಇನ್ನು ಹೀರದು ಎನ್ನುವವರೆಗೆ ಮತ್ತೆ ಮತ್ತೆ ಬಳಿಯುತ್ತಾರೆ. ಪ್ರತಿಯೊಂದು ಸ್ಕ್ರೂವಿನ ತೂತಿಗೂ ಇದೇ ಉಪಚಾರ. ಹೊರಮೈಗೆ ಅಲ್ಯುಮಿನಿಯಂ ತಗಡು ಹೊದಿಸುವವರುಂಟು. ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ ತೋಯಿಸಿ ಹಚ್ಚುವವರುಂಟು. ಕೈಯಲ್ಲಿ ಹಣ ಕಡಮೆಯಿರುವವರು ಕ್ಯಾನ್‌ವಾಸ್ ಬಟ್ಟೆಯನ್ನು ಅಂಟಿನಿಂದ ಹಚ್ಚಿ, ಮೇಲೆ ಹಲವು ಸಲ ಬಣ್ಣ ಬಳಿಯುತ್ತಾರೆ. ಇದು ಹೊಸದೇನಲ್ಲ. ಒಂದು ಕಾಲಕ್ಕೆ ಮರದ ರೈಲು ಡಬ್ಬಿಗಳ ಮಾಡಿಗೂ ಮರದ ಹಗುರ ದೋಣಿಗಳಿಗೂ ಬಣ್ಣ ಬಳಿದ ಕ್ಯಾನ್‌ವಾಸೇ ಚರ್ಮವಾಗಿತ್ತು.

ಮುಚ್ಚಳ ಮಾಡಿಗೆ ಕೂಡುವ ಕೀಲು ಎಲ್ಲಕ್ಕಿಂತ ಅಪಾಯದ ಸ್ಥಳ. ಅಲ್ಲಿಗೆ ಉದ್ದಕ್ಕೂ ಒಂದೇ ತುಂಡಾಗಿ ಬರುವ, ಮಡಿಚಿಕೊಂಡು ನೀರನ್ನು ಹೊರಚೆಲ್ಲುವ ಅಲ್ಯುಮಿನಿಯಂ ಕೀಲನ್ನು ಹಾಕುತ್ತಾರೆ. ಮುಚ್ಚಳದ ಇಕ್ಕೆಲಗಳಲ್ಲಿ ರಬ್ಬರ್ ಪಟ್ಟಿ. ಅದನ್ನೂ ದಾಟಿ ಬಂದ ನೀರು ಹರಿದುಹೋಗಲು ಅದರ ಹಿಂದೆ ಒಂದು ಸಣ್ಣ ಕಾಲುವೆ. ನೀರು ಬಾರದಂತೆ ತಡೆಯುವುದು ಒಂದು ಜಾಣತನ. ಬಂದ ನೀರಿಗೆ ಹೋಗುವ ದಾರಿ ತೋರಿಸುವುದು ಅದಕ್ಕಿಂತ ದೊಡ್ಡ ಜಾಣತನ.

ಮೂಕಿಯ ಮೇಲಿನ ಭಾರ

ಸೋರುವ ಬಂಡಿ ನಿದ್ದೆ ಕೆಡಿಸೀತು. ತೂಕ ತಪ್ಪಿದ ಬಂಡಿ ಜೀವ ತೆಗೆದೀತು. ಎತ್ತಿನ ಗಾಡಿ ಹೂಡುವ ರೈತನಿಗೆ ಈ ಶಾಸ್ತ್ರವನ್ನು ಯಾರೂ ಕಲಿಸಬೇಕಾಗಿಲ್ಲ. ಹೊರೆ ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲಕ್ಕೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂದಕ್ಕೆ ಹೆಚ್ಚಾದರೆ ಹೆಗಲು ಮುರಿಯುತ್ತದೆ. ಟ್ರೇಲರಿಗೂ ಇದೇ ನ್ಯಾಯ. ಕಾರಿನ ಕೊಂಡಿಯ ಮೇಲೆ ಬೀಳುವ ಭಾರ ಬಂಡಿಯ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಇರಬೇಕೆಂದು ಅಮೆರಿಕದಲ್ಲಿ ಲೆಕ್ಕ. ನಾನೂರು ಕಿಲೋಗ್ರಾಂ ಬಂಡಿಯಾದರೆ ನಾಲ್ವತ್ತರಿಂದ ಅರವತ್ತು ಕಿಲೋಗ್ರಾಂ. ಅದಕ್ಕಿಂತ ತೀರ ಕಡಮೆಯಾದರೆ ವೇಗ ಏರಿದಂತೆ ಬಂಡಿಯ ಬಾಲ ಎಡಕ್ಕೂ ಬಲಕ್ಕೂ ಬಡಿಯತೊಡಗುತ್ತದೆ. ತೂಗಾಟ ತೂಗಾಟವನ್ನೇ ಬೆಳೆಸಿ ಕೊನೆಗೆ ಕಾರನ್ನೂ ಎಳೆದು ಕೆಡಹುತ್ತದೆ. ಆಗ ಗಾಬರಿಯಿಂದ ಚುಕ್ಕಾಣಿಯನ್ನು ಅತ್ತಿತ್ತ ತಿರುಗಿಸುವುದೂ ಕಾರಿನ ಬ್ರೇಕನ್ನು ಜೋರಾಗಿ ಒತ್ತುವುದೂ ಅನರ್ಥಕ್ಕೆ ಹಾದಿ. ಚುಕ್ಕಾಣಿಯನ್ನು ನೇರವಾಗಿ ಹಿಡಿದು, ವೇಗವನ್ನು ಮೆಲ್ಲಗೆ ಇಳಿಯಗೊಡಬೇಕು.

ಈ ಬಂಡಿಯ ಅಡಿಗೆಮನೆ ಇರುವುದೇ ಅಚ್ಚಿನ ಹಿಂದೆ ಎಂಬುದನ್ನು ಮರೆಯಬಾರದು. ನೀರಿನ ಕ್ಯಾನು, ಐಸಿನ ಪೆಟ್ಟಿಗೆ, ಬೇಳೆ ಅಕ್ಕಿಗಳೆಲ್ಲ ಬಾಲಕ್ಕೆ ಭಾರ. ಆದುದರಿಂದ ಬಲ್ಲವರು ಖಾಲಿ ಬಂಡಿಯನ್ನು ತೂಗಿ ತೃಪ್ತರಾಗುವುದಿಲ್ಲ. ಪ್ರಯಾಣಕ್ಕೆ ಹೊರಡುವಂತೆ ಎಲ್ಲವನ್ನೂ ತುಂಬಿ, ಮೂಕಿಯ ತುದಿಯನ್ನು ಸ್ನಾನದ ಮನೆಯ ತೂಕದ ಯಂತ್ರದ ಮೇಲಿಟ್ಟು ನೋಡುತ್ತಾರೆ. ಕೊಂಡಿ ಕಳಚಿದರೂ ಬಂಡಿ ಬೇರೆಯಾಗದಂತೆ ಎರಡು ಸರಪಣಿಗಳನ್ನು ಕತ್ತರಿಯಾಕಾರದಲ್ಲಿ ಕಟ್ಟುತ್ತಾರೆ. ಮೂಕಿ ಜಾರಿದರೆ ನೆಲಕ್ಕೆ ಕುತ್ತದೆ ಆ ಸರಪಣಿಗಳ ತೊಟ್ಟಿಲಲ್ಲಿ ನಿಲ್ಲಲಿ ಎಂದು.

ಕಾನೂನೂ ಸುಮ್ಮನಿಲ್ಲ. ಬ್ರೇಕಿಲ್ಲದ ಟ್ರೇಲರು ಹೊರೆಸಮೇತ 750 ಕಿಲೋಗ್ರಾಂ ಅಥವಾ ಎಳೆಯುವ ಕಾರಿನ ತೂಕದ ಅರ್ಧ, ಇವೆರಡರಲ್ಲಿ ಕಡಮೆಯಾದುದನ್ನು ಮೀರಬಾರದೆಂದು ಬ್ರಿಟನ್ನಿನ ಕಟ್ಟಳೆ. ಭಾರತದಲ್ಲಿಯೂ 1988ರ ಮೋಟಾರು ವಾಹನ ಕಾಯಿದೆಯ ಅರ್ಥದಲ್ಲಿ ಟ್ರೇಲರ್ ಒಂದು ಮೋಟಾರು ವಾಹನವೇ. ಕಟ್ಟಿದೆನೆಂದು ಹಾಗೆಯೇ ರಸ್ತೆಗೆ ತರುವಂತಿಲ್ಲ.

ಉಸಿರಿಗೊಂದು ಕಿಂಡಿ

ಇಬ್ಬರು ಮಲಗಿದ ಪುಟ್ಟ ಪೆಟ್ಟಿಗೆಯಲ್ಲಿ ಒಂದು ರಾತ್ರಿಗೆ ಉಸಿರು ಬೆವರುಗಳಿಂದಲೇ ಹೆಚ್ಚುಕಡಮೆ ಅರ್ಧ ಲೀಟರ್ ನೀರು ಆವಿಯಾಗಿ ಸೇರುತ್ತದೆ. ಚಳಿಯ ರಾತ್ರಿಯಲ್ಲಿ ಅದೆಲ್ಲ ತಣ್ಣನೆಯ ಗೋಡೆಗಳ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಮಳೆಯನ್ನು ಹೊರಗಿಟ್ಟವನು ತನ್ನ ಉಸಿರಿನಿಂದಲೇ ಒಳಗೆ ಮಳೆ ಕರೆದಂತಾಗುತ್ತದೆ! ಮಾಡಿನಲ್ಲಿ ಬ್ಯಾಟರಿಯಿಂದ ತಿರುಗುವ ಸಣ್ಣ ಬೀಸಣಿಗೆ, ಕೆಳಗೆ ಗಾಳಿ ಬರಲು ಒಂದು ಕಿಂಡಿ ಇದ್ದೇ ಇರಬೇಕು. ಬೆಚ್ಚಗಿರಲೆಂದು ಒಳಗೆ ಒಲೆಯನ್ನೋ ಇದ್ದಿಲ ಅಗ್ಗಿಷ್ಟಿಕೆಯನ್ನೋ ಹಚ್ಚುವುದು ಎಂದಿಗೂ ಕೂಡದು. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ನಿದ್ದೆಯಲ್ಲಿದ್ದವರನ್ನು ಎಚ್ಚರಿಸದೆಯೇ ಕೊಲ್ಲುತ್ತದೆ. ಅಡಿಗೆಮನೆಯನ್ನು ಹೊರಗಿಟ್ಟವರ ವಿವೇಕ ಇಲ್ಲಿ ಅರ್ಥವಾಗುತ್ತದೆ.

ಇಷ್ಟೆಲ್ಲ ಪಾಡು ಪಟ್ಟು ಕಟ್ಟುವುದೇಕೆ, ಕೊಂಡರಾಗದೆ ಎಂದು ಕೇಳಬಹುದು. ಹಣ ಉಳಿಯುವುದು ನಿಜ. ಆದರೆ ಕಳೆದ ಶನಿವಾರಗಳಿಗೆ ಕೂಲಿ ಕಟ್ಟಿದರೆ ಆ ಲೆಕ್ಕ ನಿಲ್ಲಲಾರದು. ಲಾಭ ಬೇರೆಯ ಕಡೆ ಇದೆ. ಯಾವ ಜಂತೆಯ ಕೆಳಗೆ ಯಾವ ಸ್ಕ್ರೂ ಇದೆ, ಯಾವ ಕೂಡಿನಲ್ಲಿ ಅಂಟು ಸಾಲದೆ ಬಂದಿತ್ತು ಎಂಬುದು ಕಟ್ಟಿದವನಿಗೆ ಗೊತ್ತು. ಹತ್ತು ವರ್ಷಗಳ ಮೇಲೆ ಒಂದು ಮೂಲೆ ಮೆತ್ತಗಾದರೆ ಅವನು ಅಂಗಡಿಯ ದಾರಿ ಕಾಯದೆ ಅಷ್ಟನ್ನೇ ಕೊಯ್ದು ಹೊಸ ತುಂಡು ಕೂಡಿಸಬಲ್ಲ. ಮರಳು ಕಾಗದ ಉಜ್ಜುವುದು, ಬಣ್ಣ ಬಳಿಯುವುದು, ಪರದೆ ಹೊಲಿಯುವುದು ಮುಂತಾಗಿ ಮನೆಮಂದಿಗೆಲ್ಲ ಇಲ್ಲಿ ಪಾಲುಂಟು.

ಬೇಕಾದುದು ಅಪಾರ ಜಾಣತನವಲ್ಲ, ಕಾಯುವ ಗುಣ. ಮೊದಲ ಲೇಪ ಆರುವ ಮುನ್ನ ಎರಡನೆಯದನ್ನು ಬಳಿಯದವನು, ತೂಗದೆ ಹೊರಡದವನು, ವರ್ಷಕ್ಕೊಮ್ಮೆ ಕೂಡುಗಳನ್ನು ಬೆರಳಿನಿಂದ ಒತ್ತಿ ನೋಡುವವನು ಈ ಬಂಡಿಯನ್ನು ಮಕ್ಕಳ ಕಾಲಕ್ಕೂ ಉಳಿಸಿಕೊಡಬಲ್ಲ. ಅವಸರದವರಿಗೆ ಸಿದ್ಧಪಡಿಸಿದ ಬಂಡಿ ಅಂಗಡಿಯಲ್ಲಿ ದೊರೆಯುತ್ತದೆ. ಅದಕ್ಕೂ ಮಳೆ ಒಂದೇ, ರಸ್ತೆ ಒಂದೇ.